ರಾಷ್ಟ್ರಪತಿಗಳ ಪ್ರಯಾಣ, ನಮ್ಮೂರವರ ಸಿಟ್ಟು

ನಮ್ಮೂರಲ್ಲಿ ಯಾರಾದರೂ ಮೈಕ್ ಮುಂದೆ ದೇಶದ ದುಡ್ಡಿನ ಬಗ್ಗೆ ಸಿಟ್ಟಾದರೆ ನನಗೆ ಮೊದಲು ಅನುಮಾನ ಬರುತ್ತದೆ, ಸುದ್ದಿ ಆಮೇಲೆ ಬರುತ್ತದೆ. ನಾನು ದಾವಣಗೆರೆಯ ಒಂದು ಸಣ್ಣ ಪತ್ರಿಕೆಯ ವರದಿಗಾರ್ತಿ. ಹರಿಹರವೂ ನನ್ನ ಪಾಲಿಗೇ ಬಿದ್ದಿದೆ. ದೊಡ್ಡವರ ಓಡಾಟದ ಖರ್ಚನ್ನು ಯಾರೂ ಕೇಳಬಾರದು ಅಂತ ನಾನು ಹೇಳುವುದಿಲ್ಲ, ಕೇಳಲೇಬೇಕು. ಆದರೆ ಕೇಳುವವರ ಮುಖವನ್ನು ಹತ್ತಿರದಿಂದ ನೋಡಿ ನೋಡಿ ನನ್ನ ಬುದ್ಧಿ ಹೀಗಾಗಿದೆ. ನೋಡಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ವಿಮಾನದ ಹಾಸಿಗೆ

ರಾಷ್ಟ್ರಪತಿಗಳು ವಿದೇಶಕ್ಕೆ ಹೊರಟಿದ್ದರು. ಅದನ್ನು ಖಂಡಿಸಲು ದಾವಣಗೆರೆಯ ಮುಖಂಡರೊಬ್ಬರು ಪತ್ರಿಕಾಗೋಷ್ಠಿ ಕರೆದರು. ನಾವು ಹೋಗುವಷ್ಟರಲ್ಲಿ ಅವರ ಸಿಟ್ಟು ಶುರುವಾಗಿತ್ತು.

"ಹಾರೋ ವಿಮಾನದಾಗೆ ಹಾಸಿಗೆ ಐತಂತ್ರಿ! ಆ ಹಾಸಿಗೆಯೊಳಗೆ ಬಡವರ ಬೆವರು ಐತೆ!" ಅಂತ ಮೇಜು ಕುಟ್ಟಿದರು. ಅಷ್ಟರಲ್ಲಿ ಬಾಗಿಲಲ್ಲಿ ಫೋಟೊಗ್ರಾಫರ್ ಕಾಣಿಸಿಕೊಂಡ. ಮುಖಂಡರು ತಣ್ಣಗಾಗಿ, "ಬಾರಪ್ಪ, ಕೂಡು, ನೀರು ಕುಡಿ" ಅಂದರು. ಅವನು ಕ್ಯಾಮೆರಾ ಎತ್ತಿದ ಮೇಲೆ ಮತ್ತೆ ಮೊದಲಿನಿಂದ, "ಹಾರೋ ವಿಮಾನದಾಗೆ ಹಾಸಿಗೆ ಐತಂತ್ರಿ!" ಅಂತ ಶುರು ಮಾಡಿದರು. ಮೇಜನ್ನೂ ಎರಡನೇ ಸಲ ಕುಟ್ಟಿದರು.

ನನಗೆ ತಡೆಯಲಾಗಲಿಲ್ಲ. "ಸರ್, ಹಿಂದಿನ ರಾಷ್ಟ್ರಪತಿಗಳು ನಿಮ್ಮ ಪಕ್ಷ ನಿಲ್ಲಿಸಿದವರು. ಅವರು ಹೋಗಿದ್ದ ವಿಮಾನದಲ್ಲೂ ಹಾಸಿಗೆ ಇತ್ತಲ್ಲ?" ಅಂದೆ.

ಪಕ್ಕದಲ್ಲಿ ಕೂತಿದ್ದವರು ತಟ್ಟೆಯಲ್ಲಿದ್ದ ಖಾರ ಮಂಡಕ್ಕಿಯ ಕಡೆ ತಲೆ ತಗ್ಗಿಸಿದರು. ಆಮೇಲೆ ಮುಖಂಡರು ಬಹಳ ಗಂಭೀರವಾಗಿ ಹೇಳಿದರು:

"ಇತ್ತರೀ ಮೇಡಂ. ಆದ್ರೆ ನಮ್ಮೋರು ಮಲಗ್ತಿರ್ಲಿಲ್ಲ."

ಮಾವನ ಟೀ ಲೋಟ

ಊರಿನವರ ವಿಷಯ ಹಾಗಿರಲಿ, ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ನನ್ನ ಮಾವ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗ ಅವರ ಪೂರ್ತಿ ಡ್ಯೂಟಿ ಟಿ.ವಿ. ಮುಂದೆ. ಹಿಂದೆ ಒಮ್ಮೆ ರಾಷ್ಟ್ರಪತಿಗಳು ವಿಮಾನದ ಮೆಟ್ಟಿಲು ಹತ್ತಿ ಕೈ ಬೀಸುವುದನ್ನು ನೋಡಿ ಅವರಿಗೆ ಎಷ್ಟು ಸಿಟ್ಟು ಬಂತೆಂದರೆ, "ನಮ್ ದುಡ್ಡಲ್ಲಿ ದೇಶ ಸುತ್ತಾಕ ಹತ್ಯಾರೆ!" ಅಂತ ಕೈಯಲ್ಲಿದ್ದ ಗಾಜಿನ ಲೋಟವನ್ನು ಗೋಡೆಗೆ ಒಗೆದರು. ಅದು ಅತ್ತೆಯ ತವರಿನಿಂದ ಬಂದ ಲೋಟ. ಅತ್ತೆ ಚೂರುಗಳನ್ನು ಗುಡಿಸಿದರು.

ಕಾಲ ಬದಲಾಯಿತು. ಮಾವನ ಪಕ್ಷ ಒಪ್ಪಿದವರು ರಾಷ್ಟ್ರಪತಿಗಳಾದರು. ಅದೇ ವಿಮಾನ, ಅದೇ ಮೆಟ್ಟಿಲು, ಹಾಗೇ ಕೈ ಬೀಸಿದರು. ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, "ನೋಡೇ, ನಮ್ ದೇಶದ ಗತ್ತು ಹೆಂಗೈತೆ!" ಅಂತ ಅತ್ತೆಯನ್ನು ಕರೆದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರು. "ಅಲ್ರೀ, ಇದಕ್ಕೇ ಅಲ್ಲೇನು ನನ್ ಲೋಟ ಒಡೆದಿದ್ದು?"

"ಅದು ಬ್ಯಾರೆ, ಇದು ಬ್ಯಾರೆ."

"ಏನು ಬ್ಯಾರೆ?"

"ಆಗ ಖರ್ಚು. ಈಗ ಗೌರವ."

ಅವತ್ತಿನಿಂದ ಅತ್ತೆ ಟೀ ಸೋಸುವ ಮುಂಚೆ ಒಮ್ಮೆ ಬಾಗಿಲಿಂದ ಇಣುಕಿ, ಟಿ.ವಿ.ಯಲ್ಲಿ ಯಾರು ವಿಮಾನ ಹತ್ತುತ್ತಿದ್ದಾರೆ ಅಂತ ನೋಡುತ್ತಾರೆ. ಗಾಜಿನ ಲೋಟವೋ ಸ್ಟೀಲ್ ಲೋಟವೋ ಅನ್ನುವುದು ಆಮೇಲೆ ತೀರ್ಮಾನವಾಗುತ್ತದೆ.

ಡಾಂಬರು

ಇಷ್ಟೆಲ್ಲ ದೂರದ ವಿಮಾನದ ಮಾತಾಯಿತು. ಒಂದು ದಿನ ರಾಷ್ಟ್ರಪತಿಗಳು ನಮ್ಮ ಕಡೆಗೇ ಬರುತ್ತಾರೆ ಅಂತ ಸುದ್ದಿ ಬಂತು. ಕಾರ್ಯಕ್ರಮ ಹರಿಹರದಲ್ಲಿ, ಹೆಲಿಕಾಪ್ಟರ್ ಇಳಿಯುವುದು ದಾವಣಗೆರೆಯಲ್ಲಿ. ನಡುವಿನ ರಸ್ತೆಗೆ ರಾತ್ರೋರಾತ್ರಿ ಯೋಗ ಬಂತು. ಗುಂಡಿಗಳು ಮುಚ್ಚಿದವು, ಡಿವೈಡರ್‌ಗೆ ಬಣ್ಣ ಬಂತು, ಒಣಗಿದ ಗಿಡಗಳ ಜಾಗಕ್ಕೆ ಹೂವಿನ ಕುಂಡಗಳು ಬಂದವು.

ಹರಿಹರ ರಸ್ತೆ ಕಡೆಯ ಹೊಸ ಬಡಾವಣೆಯವರು ಪ್ರತಿಭಟನೆಗೆ ಕೂತರು. ಮುಂದಾಳು ಆ ವಾರ್ಡಿನ ಮಾಜಿ ಸದಸ್ಯರು. "ಒಂದು ದಿನದ ಪ್ರಯಾಣಕ್ಕೆ ಇಷ್ಟು ಡಾಂಬರಾ? ದುಂದುವೆಚ್ಚಕ್ಕೆ ಧಿಕ್ಕಾರ!" ಅಂತ ಘೋಷಣೆ ಜೋರಾಗಿತ್ತು. ಮಾತು ಸರಿಯಾಗೇ ಇತ್ತು. ಆದರೆ ಇವರು ಕೂತ ಜಾಗ ನೋಡಿ ನನಗೆ ಅನುಮಾನ ಬಂತು. ಅಷ್ಟುದ್ದ ರಸ್ತೆ ಬಿಟ್ಟು, ಸರಿಯಾಗಿ ತಮ್ಮ ಬಡಾವಣೆಯ ಮಣ್ಣಿನ ದಾರಿ ಕೂಡುವ ತಿರುವಿನಲ್ಲೇ ಕೂತಿದ್ದರು.

ಎಂಜಿನಿಯರ್ ಓಡಿ ಬಂದರು. ಪಾಪ, ಎರಡು ದಿನದಿಂದ ನಿದ್ದೆ ಇಲ್ಲದ ಮನುಷ್ಯ. ಕೈ ಮುಗಿದು, "ಆಯ್ತು ಸರ್. ಜನರ ವಿರೋಧ ಇದೆ ಅಂತ ಮೇಲಿನವರಿಗೆ ಹೇಳ್ತೀನಿ. ಕೆಲಸ ಇಲ್ಲಿಗೇ ನಿಲ್ಲಿಸಿಬಿಡ್ತೀನಿ" ಅಂದುಬಿಟ್ಟರು.

ಮಾಜಿ ಸದಸ್ಯರು ಗಾಬರಿಯಾಗಿ ಎದ್ದು ನಿಂತರು. "ಅಯ್ಯೋ! ನಿಲ್ಲಿಸ್ರಿ ಅಂದೋರು ಯಾರ್ರೀ? ಈ ಕಡೆ ತಿರುಗಿಸ್ರಿ ಅಂತ ನಾವು ಅಂದಿದ್ದು!"

ಹಿಂದೆ ಕೂತಿದ್ದ ಅಜ್ಜಿಯೊಬ್ಬರು ದನಿಗೂಡಿಸಿದರು. "ಹಂಗೇ ಆ ರಾಷ್ಟ್ರಪತಿನೂ ಒಂದ್ಸಲ ನಮ್ ಓಣಿಯಾಗೆ ತಿರುಗಿಸ್ಕೊಂಡು ಹೋಗ್ರಪ್ಪ. ಗಟಾರನೂ ರಿಪೇರಿ ಆಗ್ತೈತೆ."

ಯಾವ ಪಕ್ಷ?

ಭೇಟಿಯ ಹಿಂದಿನ ದಿನ ಪೊಲೀಸರು ವಾಹನಗಳ ಸಾಲಿನ ತಾಲೀಮು ಇಟ್ಟಿದ್ದರು. ಖಾಲಿ ಕಾರುಗಳು ಸೈರನ್ ಹಾಕಿಕೊಂಡು ಹೋಗುತ್ತಿದ್ದವು, ಊರಿನ ಬಸ್ಸುಗಳೆಲ್ಲ ಬಿಸಿಲಲ್ಲಿ ನಿಂತಿದ್ದವು. ಮಧ್ಯಾಹ್ನ ನಮ್ಮ ಕಚೇರಿಗೆ ಲೋಕಿಕೆರೆಯ ಹೆಂಗಸೊಬ್ಬರು ಬಂದರು. ಮುಖವೆಲ್ಲ ಕೆಂಪಾಗಿತ್ತು, ಕೈಯಲ್ಲಿ ಬುತ್ತಿಯ ಚೀಲ.

"ಪೇಪರಿನೋರು ನೀವೇ ಏನ್ರವ್ವ? ಬರೀರಿ. ಆಸ್ಪತ್ರೆಯಾಗೆ ನನ್ ಮಗಳ ಬಾಣಂತನ ಐತೆ. ಬಿಸಿ ಬುತ್ತಿ ತಂದಿದ್ದೆ, ಬಸ್ಸಿನಾಗೇ ಆರಿ ತಣ್ಣಗಾತು. ಖಾಲಿ ಕಾರಿಗೆ ದಾರಿ ಬಿಡಾಕೆ ತುಂಬಿದ ಬಸ್ಸು ಯಾಕ ನಿಲ್ಲಿಸ್ತಾರೆ?"

ಇಂಥ ಒಳ್ಳೇ ಪ್ರಶ್ನೆಯನ್ನು ಆ ಇಡೀ ತಿಂಗಳು ಯಾವ ಮುಖಂಡರೂ ಕೇಳಿರಲಿಲ್ಲ. ಅದಕ್ಕೇ ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಇವರಿಗೆ ಇದನ್ನು ಹೇಳಿಕೊಟ್ಟು ಕಳಿಸಿದವರು ಯಾರು? ಪೆನ್ನು ತೆಗೆಯದೆ, ವಕೀಲರ ಹಾಗೆ ಕಣ್ಣು ಕಿರಿದು ಮಾಡಿ ಕೇಳಿದೆ: "ಅಮ್ಮಾ, ನಿಜ ಹೇಳ್ರಿ. ನೀವು ಯಾವ ಪಕ್ಷ?"

ಬಸ್ಸಿನ ಹಾರನ್ನು, ಸೈರನ್ನು ಕೇಳಿ ಅವರ ಕಿವಿ ಗುಂಯ್‌ಗುಡುತ್ತಿತ್ತೋ ಏನೋ.

"ಎಡಕಿನ ಪಕ್ಕ ಕಣವ್ವ, ಕಿಟಕಿ ಹತ್ರ. ಅದಕ್ಕೇ ಇಷ್ಟು ಬಿಸಿಲು ಬಡೀತು."

ನಾನು ಎದ್ದು ಫ್ಯಾನನ್ನು ಅವರ ಕಡೆ ತಿರುಗಿಸಿದೆ. ಅವರ ಮಾತನ್ನು ಒಂದಕ್ಷರ ಬಿಡದೆ ಬರೆದೆ. ಮರುದಿನ ಅದು ಒಳಪುಟದ ಮೂಲೆಯಲ್ಲಿ ಅಚ್ಚಾಯಿತು. ಮುಖಪುಟದಲ್ಲಿ ಮೇಜು ಕುಟ್ಟುವವರಿದ್ದರು.

ಕಪ್ಪು ಬಾವುಟ

ಈ ಸಲ ಮುಖಪುಟದಲ್ಲಿದ್ದವರು ಹರಿಹರದ ಇನ್ನೊಬ್ಬ ಮುಖಂಡರು. ಊರಿಗೆಲ್ಲ ಅವರು 'ಅಣ್ಣ'. "ಜನರ ತೆರಿಗೆಯಲ್ಲಿ ಮೆರವಣಿಗೆ ಬರುವ ರಾಷ್ಟ್ರಪತಿಗೆ ಕಪ್ಪು ಬಾವುಟ ತೋರಿಸಿಯೇ ತೀರುತ್ತೇನೆ" ಅಂತ ಅವರು ಗುಡುಗಿದ್ದರು. ಭೇಟಿಯ ಹಿಂದಿನ ಸಂಜೆ ನಾನು ಅವರನ್ನು ಮಾತಾಡಿಸಿದ್ದೆ. ಊರಿನ ಹೊಳೆ ಸೇತುವೆ ಹತ್ತಿರ ತಾವೇ ಮುಂದೆ ನಿಲ್ಲುವುದಾಗಿ ಎದೆ ತಟ್ಟಿ ಹೇಳಿದ್ದರು. ಆದರೆ ಅವರ ತಲೆಯ ಮೇಲೇ ನನ್ನ ಕಣ್ಣು. ಬೆಳ್ಳಗಿದ್ದ ಕೂದಲಿಗೆ ಹೊಸದಾಗಿ ಬಣ್ಣ ಬಿದ್ದಿತ್ತು, ಹಣೆಯ ಅಂಚಿನಲ್ಲಿ ಇನ್ನೂ ಹಸಿ ಇತ್ತು. ಕಪ್ಪು ಬಾವುಟ ತೋರಿಸಬೇಕಾದವರು ತಲೆಯನ್ನು ಯಾಕೆ ಕಪ್ಪು ಮಾಡಿಕೊಂಡರು?

ಬೆಳಿಗ್ಗೆ ಸೇತುವೆ ಹತ್ತಿರ ಅವರ ಬೆಂಬಲಿಗರು ಅಂಗಿಯೊಳಗೆ ಕಪ್ಪು ಬಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು. ಅಣ್ಣ ಇಲ್ಲ, ಫೋನೂ ಇಲ್ಲ. ಬೆಂಬಲಿಗರು ಬಟ್ಟೆ ಹೊರಗೆ ತೆಗೆಯುವ ಮೊದಲೇ ಪೊಲೀಸರು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು. ನಾನು ಪಾಸ್ ತೋರಿಸಿ ಕಾರ್ಯಕ್ರಮದ ಜಾಗಕ್ಕೆ ಹೋದೆ.

ಸ್ವಾಗತಕ್ಕೆ ಗಣ್ಯರು ಸಾಲಾಗಿ ನಿಂತಿದ್ದರು. ಮೂರನೆಯವರು ಅಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಜರಿ ಶಲ್ಯ, ಕೈಯಲ್ಲಿ ಗುಲಾಬಿ ಹೂಗುಚ್ಛ. ನನ್ನನ್ನು ನೋಡಿ ಆಕಾಶ ನೋಡಿದರು.

ರಾಷ್ಟ್ರಪತಿಗಳು ಒಬ್ಬೊಬ್ಬರಿಗೇ ಕೈ ಮುಗಿಯುತ್ತಾ ಬಂದು ಅಣ್ಣನ ಮುಂದೆ ನಿಂತು, "ಆಪ್ ಕ್ಯಾ ಕರ್ತೇ ಹೈಂ?" ಅಂತ ಪ್ರೀತಿಯಿಂದ ಕೇಳಿದರು.

ಪಕ್ಕದವರು ಪಿಸುಗುಟ್ಟಿದರು. "ಏನು ಮಾಡ್ತೀರಿ ಅಂತ ಕೇಳ್ತಿದಾರೆ."

ಅಣ್ಣನಿಗೆ ಹಿಂದಿ ಅಷ್ಟಕ್ಕಷ್ಟೇ. ಒಂದು ತಿಂಗಳಿಂದ ಒಂದೇ ಮಾತು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿತ್ತು. "ವಿರೋಧ್ ಕರ್ತಾ ಹೂಂ ಜೀ" ಅಂದುಬಿಟ್ಟರು.

ರಾಷ್ಟ್ರಪತಿಗಳಿಗೆ ಕುತೂಹಲವಾಯಿತು. "ಕಿಸ್ಕಾ?"

ಯಾರದ್ದು ಅಂತ ಕೇಳಿದ್ದು ಅಣ್ಣನಿಗೆ ಹೇಗೋ ತಿಳಿಯಿತು. ಹೂಗುಚ್ಛ ಮುಂದೆ ಚಾಚಿ, ಮೂವತ್ತೆರಡೂ ಹಲ್ಲು ಕಾಣುವ ಹಾಗೆ ನಗುತ್ತಾ ಹೇಳಿದರು:

"ಆಪ್ಕಾ ಜೀ, ಆಪ್ಕಾ!"

ನಿಮ್ಮದೇ ಅಂದದ್ದು ಕೇಳಿ ಸಾಲಿನಲ್ಲಿದ್ದ ಅಧಿಕಾರಿಗಳ ಮುಖ ಬಿಳಿಚಿಕೊಂಡಿತು. ರಾಷ್ಟ್ರಪತಿಗಳು ಜೋರಾಗಿ ನಕ್ಕು, ಅಣ್ಣನ ಭುಜ ತಟ್ಟಿ, "ಬಹುತ್ ಅಚ್ಛಾ" ಅಂತ ಹೇಳಿ ಮುಂದೆ ನಡೆದರು.

ಸಂಜೆ ಸ್ಟೇಷನ್ನಿನಿಂದ ಬಿಡುಗಡೆಯಾದ ಬೆಂಬಲಿಗರು ನೇರ ಅಣ್ಣನ ಮನೆಗೆ ನುಗ್ಗಿದರು. ನಾನೂ ಬಿಡದೆ ಹಿಂದೆ ಹೋದೆ.

"ನಮ್ಮನ್ನ ವ್ಯಾನಿಗೆ ತುಂಬಿದ್ರಲ್ಲ, ನೀವು ಎಲ್ಲಿದ್ರಿ ಅಣ್ಣ?"

"ಮುಂದೆ ನಿಲ್ತೀನಿ ಅಂದಿರ್ಲಿಲ್ವೇನ್ರೋ?" ಅಂದರು ಅಣ್ಣ, ಸ್ವಲ್ಪವೂ ಅಳುಕಿಲ್ಲದೆ. "ನಿಮಗಿಂತ ಬಹಳ ಮುಂದೆ ನಿಂತಿದ್ದೆ."

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಹರಿಹರದ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತ್ತು. ಭುಜ ತಟ್ಟಿಸಿಕೊಳ್ಳುತ್ತಿರುವ ಅಣ್ಣನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: "ದುಂದುವೆಚ್ಚದ ವಿರುದ್ಧ ರಾಷ್ಟ್ರಪತಿಗಳನ್ನು ಮುಖಾಮುಖಿ ವಿರೋಧಿಸಿ, ಅವರಿಂದಲೇ ಆಶೀರ್ವಾದ ಪಡೆದ ನಮ್ಮ ನೆಚ್ಚಿನ ಅಣ್ಣನಿಗೆ ಅಭಿನಂದನೆಗಳು."