ಮೋಡ ಬಿಚ್ಚಿಟ್ಟ ಕೋಟು

"ಬಾಚಿದ್ರಾ?" ಎಂದು ಹೆಂಡತಿ ಫೋನಿನಲ್ಲಿ ಕೇಳಿದಳು.

"ಬಾಚಿದೆ ಕಣೆ" ಎಂದ ಆಮೇಲಪ್ಪ, ಮಂಚದ ಮೇಲೆ ಮಲಗಿಕೊಂಡೇ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಅವನಿದ್ದ ಕಟ್ಟಡದಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಸೋರುವ ನಲ್ಲಿಯಿಂದ ಹಿಡಿದು ಹಲ್ಲುನೋವಿನವರೆಗೆ ಎಲ್ಲಕ್ಕೂ "ಆಮೇಲೆ ನೋಡಿದರಾಯ್ತು" ಎನ್ನುತ್ತಿದ್ದ ಈ ಕೊಡೆ ಅಂಗಡಿ ಗುಮಾಸ್ತನಿಗೆ ಕೆಳಮನೆಯ ಡ್ರಿಲ್ ಮಾಸ್ತರು ಈ ಹೆಸರು ಕಟ್ಟಿದ್ದರು. ಹಾಗೆ ಕರೆಯಬೇಡಿ ಎಂದು ಅವರಿಗೆ ಖಡಾಖಂಡಿತವಾಗಿ ಹೇಳಬೇಕೆಂದು ಅವನಿಗೂ ಇತ್ತು. ಆಮೇಲೆ ಹೇಳೋಣವೆಂದು ಬಿಟ್ಟಿದ್ದ.

"ಚೆನ್ನಾಗಿ ಬಾಚಿದ್ರಾ?" ಹೆಂಡತಿ ಮತ್ತೆ ಕೇಳಿದಳು.

"ರೇಷ್ಮೆ ಕಣೆ, ರೇಷ್ಮೆ! ಕೈಯಿಟ್ಟರೆ ಜಾರುತ್ತೆ."

ಆ ಕಡೆ ಪೆಟ್ಟಿಗೆಯ ಮುಚ್ಚಳ ದಡಕ್ಕನೆ ಬಿದ್ದ ಸದ್ದು ಕೇಳಿತು. ಆಮೇಲೆ ಅವಳು, "ಆಯ್ತು. ಪೆಟ್ಟಿಗೆ ಕಟ್ಟಿದೀನಿ. ಸಂಜೆ ಬಸ್ಸಿಗೆ ಬರ್ತೀನಿ" ಎಂದು ಫೋನಿಟ್ಟಳು.

ಅಕ್ಕನ ಕಾಲು ಮುರಿದಿತ್ತೆಂದು ಆರೈಕೆಗೆ ಹೋದವಳು ಎರಡು ತಿಂಗಳ ಮೇಲೆ ಮರಳುತ್ತಿದ್ದಳು. ಹೋಗುವಾಗ ಅವಳು ಗಂಡನಿಗೆ ಒಪ್ಪಿಸಿದ್ದು ಮನೆಯನ್ನಲ್ಲ, ಮೋಡವನ್ನು. ಮೋಡವೆಂದರೆ ಅವಳ ನಾಯಿ. ಬೆಳ್ಳಗೆ, ಪುಟ್ಟಗೆ, ನೆಲ ಮುಟ್ಟುವ ಕೂದಲು. ಓಡಿದರೆ ನಾಲ್ಕು ಕಾಲು ಕಾಣದೆ ಆಕಾಶದ ಚೂರೊಂದು ಕೆಳಗಿಳಿದು ಮನೆತುಂಬ ತೇಲಿದ ಹಾಗಿರುತ್ತಿತ್ತು. "ಊಟ ತಡವಾದ್ರೂ ಪರವಾಗಿಲ್ಲ ರೀ, ದಿನಾ ಬಾಚೋದು ಮಾತ್ರ ತಪ್ಪಿಸ್ಬೇಡಿ" ಎಂದು ಹೊಸ್ತಿಲಲ್ಲಿ ನಿಂತು ಹೇಳಿ ಹೋಗಿದ್ದಳು. ದಿನವೂ ಸಂಜೆ ಅವಳು ಕೇಳಿದಳು, ದಿನವೂ ಸಂಜೆ ಇವನು ಬಾಚಿದೆ ಎಂದ. ಹೇಳುವುದು ಅದೆಷ್ಟು ಸಲೀಸಾಗಿ ರೂಢಿಯಾಯಿತೆಂದರೆ ಕೊನೆಕೊನೆಗೆ ಅವನಿಗೇ ತಾನು ಬಾಚಿದ ಹಾಗೆ ಕೈ ನೋಯುತ್ತಿತ್ತು.

ಇವತ್ತಾದರೂ ನಿಜವಾಗಿ ಬಾಚಿಬಿಡೋಣವೆಂದು ಅವನು ಎದ್ದ. ಮೋಡದ ಬೆನ್ನಿನ ಮೇಲೆ ಕೈಯಿಟ್ಟ. ಕೈ ಜಾರಲಿಲ್ಲ. ಬೆರಳು ತೂರಿಸಲು ನೋಡಿದ, ಬೆರಳು ಒಳಗೇ ಹೋಗಲಿಲ್ಲ. ಮೇಲೆ ಒಂದು ಪದರ ಮೊದಲಿನಂತೆಯೇ ನಯವಾಗಿ ಹಾರಾಡುತ್ತಿತ್ತು. ಅದರಡಿಯಲ್ಲಿ ಕೂದಲಿಗೆ ಕೂದಲು ಹೆಣೆದುಕೊಂಡು ಕಂಬಳಿಯಾಗಿತ್ತು.

ಬಾಚಣಿಗೆಗಾಗಿ ಹುಡುಕಿದ. ಮೋಡದ್ದೇ ಆದ ಒಂದು ಸ್ಟೀಲಿನ ಬಾಚಣಿಗೆಯಿತ್ತು, ಮರದ ಹಿಡಿಯದ್ದು. ಕಪಾಟಿನಲ್ಲಿಲ್ಲ, ಕಿಟಕಿಯಲ್ಲಿಲ್ಲ, ಮಂಚದಡಿಯಲ್ಲೂ ಇಲ್ಲ. "ಎಲ್ಲಿ ಬಚ್ಚಿಟ್ಟಿದೀಯೋ ಕಳ್ಳ?" ಎಂದು ನಾಯಿಯನ್ನೇ ಗದರಿದ. ಮೋಡ ಬಾಲವನ್ನು ಅರ್ಧ ಆಡಿಸಿ ನಿಲ್ಲಿಸಿತು. ಪೂರ್ತಿ ಆಡಿಸಲು ಬಾಲದ ಬುಡದಲ್ಲಿದ್ದ ಗಂಟು ಬಿಡಲಿಲ್ಲ.

ತನ್ನ ಬಾಚಣಿಗೆಯನ್ನೇ ತಂದು ಎಳೆದ. ಮೂರು ಹಲ್ಲು ಮುರಿದು ಕೂದಲಲ್ಲೇ ಉಳಿದವು. ಮೋಡ ಕುಂಯ್ ಎಂದಿತು.

ಆ ಕುಂಯ್ ಸದ್ದಿಗೆ ಡ್ರಿಲ್ ಮಾಸ್ತರು ಮೇಲೆ ಬಂದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಕೊರಳಲ್ಲಿನ್ನೂ ಪೀಪಿ ತೂಗುತ್ತಿತ್ತು.

"ಏನ್ರೀ ಆಮೇಲಪ್ಪ, ಏನು ಸಮಸ್ಯೆ?"

"ಗಂಟಾಗಿದೆ ಮಾಸ್ತರೇ. ಸಂಜೆ ಇವಳು ಬರ್ತಾಳೆ."

"ಗಂಟು ಅಂದ್ರೆ ಕೊಳೆ. ಕೊಳೆ ಅಂದ್ರೆ ಸ್ನಾನ. ಇಷ್ಟಕ್ಕೆ ಯಾಕೆ ಮುಖ ಹುಳ್ಳಗೆ ಮಾಡ್ಕೊಂಡಿದೀರಿ? ಬಿಸಿನೀರು ಕಾಯಿಸಿ!"

ಮಾಸ್ತರು ಬಚ್ಚಲಿನ ಬಾಗಿಲಲ್ಲಿ ನಿಂತು, "ಉಜ್ಜಿ! ಎಡಕ್ಕೆ! ಬಲಕ್ಕೆ! ಮತ್ತೆ ಎಡಕ್ಕೆ!" ಎಂದು ಎಣಿಸಿದರು. ಆಮೇಲಪ್ಪ ಉಜ್ಜಿದ. ಮೋಡ ಕಣ್ಣು ಮುಚ್ಚಿಕೊಂಡು ಸಹಿಸಿತು. ಬಿಸಿಲಿಗೆ ಬಿಟ್ಟಾಗ ಎಲ್ಲ ಸರಿಹೋಗುತ್ತದೆಂದು ಇಬ್ಬರೂ ಕಾದರು. ಒಣಗುತ್ತಾ ಒಣಗುತ್ತಾ ಗಂಟುಗಳೆಲ್ಲ ಒಂದನ್ನೊಂದು ಬಿಗಿದಪ್ಪಿಕೊಂಡವು. ಹೋದ ವರ್ಷದ ಸ್ವೆಟರಿನೊಳಗೆ ಸಿಕ್ಕಿಕೊಂಡ ಮಗುವಿನ ಹಾಗೆ ಮೋಡ ಕೈಕಾಲು ಸೆಟೆಸಿಕೊಂಡು ನಡೆಯತೊಡಗಿತು.

"ಶಿಸ್ತು ಬಂತು ನೋಡಿ" ಎಂದರು ಮಾಸ್ತರು, ಸ್ವಲ್ಪ ಅಳುಕುತ್ತಾ.

ಅಷ್ಟರಲ್ಲಿ ಮೇಲ್ಮನೆಯ ಟೇಲರಕ್ಕ ಇಳಿದು ಬಂದಳು. ಅವಳ ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ದೊಡ್ಡ ಕತ್ತರಿ.

"ಅಯ್ಯೋ ತಮ್ಮಾ, ಮೊದಲೇ ನನ್ನನ್ನ ಕರೀಬಾರದಾ? ನಾನು ಕಣ್ಣು ಮುಚ್ಕೊಂಡು ಕಾಲರ್ ಕತ್ತರಿಸೋಳು."

"ಕಣ್ಣು ಬಿಟ್ಕೊಂಡೇ ಕತ್ತರಿಸಿ ಅಕ್ಕಾ."

ಅಕ್ಕ ಎಡಗಡೆ ಒಂದು ಗಂಟು ತೆಗೆದಳು. ಅಲ್ಲೊಂದು ಗುಂಡಿ ಬಿತ್ತು. ಅದಕ್ಕೆ ಜೊತೆಯಾಗಲೆಂದು ಬಲಗಡೆಯೂ ತೆಗೆದಳು. ಅದು ಇನ್ನೂ ದೊಡ್ಡದಾಯಿತು. ಎರಡನ್ನೂ ಸಮ ಮಾಡುವ ಭರದಲ್ಲಿ ಗಂಟನ್ನು ಮೇಲಕ್ಕೆಳೆದಾಗ ಅದರೊಂದಿಗೆ ಚರ್ಮವೂ ಮೇಲೆದ್ದು ಬಂದದ್ದು ಅವಳಿಗೆ ತಿಳಿಯಲಿಲ್ಲ. ಕತ್ತರಿಯ ತುದಿ ತಾಗಿದ್ದೇ ತಡ, ಮೋಡ ಚೀರಿ ಮಂಚದಡಿ ನುಗ್ಗಿತು.

ಆಮೇಲಪ್ಪ ಮೊಣಕಾಲೂರಿ ಕೈ ಚಾಚಿದ. ಹುಟ್ಟಿದಾಗಿನಿಂದ ಯಾರ ಮೇಲೂ ಗುರ್ ಎನ್ನದ ನಾಯಿ, ಮೊದಲ ಸಲ ಮೆಲ್ಲಗೆ ಗುರ್ ಎಂದಿತು. ಮರುಕ್ಷಣವೇ ತಪ್ಪಾಯಿತೆನ್ನುವಂತೆ ಅವನ ಬೆರಳು ನೆಕ್ಕಿತು. ಗುರ್ ಎಂದದ್ದಕ್ಕಿಂತ ಆ ನೆಕ್ಕಿದ್ದೇ ಅವನಿಗೆ ಹೆಚ್ಚು ಚುಚ್ಚಿತು.

ಎರಡು ಬೀದಿಯಾಚೆ ನಾಯಿಗಳ ಸಲೂನಿತ್ತು. ಹೆಂಡತಿ ತಿಂಗಳಿಗೊಮ್ಮೆ ಅಲ್ಲಿಗೂ ಕರೆದೊಯ್ಯಲು ಹೇಳಿದ್ದಳು. ಆ ಕೆಲಸವೂ ಆಮೇಲೆಯ ಮೂಟೆಯಲ್ಲಿ ಸೇರಿತ್ತು. ಮೋಡವನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನು ಓಡಿದ.

ಸಲೂನಿನಾಕೆ ಗಟ್ಟಿ ದನಿಯ ಹೆಂಗಸು. ನಾಯಿಗಳಿಗೆ ಬಹುವಚನ ಕೊಡುತ್ತಿದ್ದಳು, ತಂದವರಿಗೆ ಕೊಡಬೇಕೋ ಬೇಡವೋ ಎಂದು ನಾಯಿಯನ್ನು ನೋಡಿ ತೀರ್ಮಾನಿಸುತ್ತಿದ್ದಳು.

"ಬನ್ನಿ ಮೋಡರಾಯರೇ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ" ಎಂದು ಮೇಜಿನ ಮೇಲೆ ನಿಲ್ಲಿಸಿ ಕೂದಲು ಸರಿಸಿ ನೋಡಿದಳು. ಆಮೇಲೆ ಅವನತ್ತ ತಿರುಗಿ, "ಸ್ನಾನ ಮಾಡಿಸ್ದೋರು ಯಾರು?" ಎಂದಳು.

"ಡ್ರಿಲ್ ಮಾಸ್ತರು ಹೇಳಿದ್ರು..."

"ಅವರನ್ನೂ ಒಂದಿನ ಕರ್ಕೊಂಡ್ ಬಾ, ಈ ಮೇಜಿನ ಮೇಲೆ ನಿಲ್ಲಿಸ್ತೀನಿ. ಗಂಟು ಬಿಡಿಸ್ದೆ ನೀರು ಹಾಕ್ತಾರೇನಯ್ಯಾ? ಒಣಗಿದ ಮೇಲೆ ಅದು ಕಲ್ಲಾಗುತ್ತೆ. ಈ ಗಾಯ?"

"ಟೇಲರಕ್ಕ..."

"ಇನ್ನು ಯಾರು ಉಳಿದಿದ್ದಾರೆ ನಿಮ್ಮ ಕಟ್ಟಡದಲ್ಲಿ, ಬಡಗಿ?"

"ಸಂಜೆ ಇವಳು ಬರ್ತಾಳೆ" ಎಂದು ಅವನು ಕೈಮುಗಿದ. "ಒಂದು ಬೆರಳಷ್ಟಾದ್ರೂ ಕೂದಲು ಉಳಿಸಿಕೊಡಿ."

"ಉಳಿಸಬಹುದು. ಒಂದೊಂದೇ ಗಂಟು ಎಳೆದೆಳೆದು ಬಿಡಿಸಬೇಕು, ಇವರು ನೋವಿಗೆ ಕೂಗ್ತಾನೇ ಇರಬೇಕು. ನಿನ್ನ ಮರ್ಯಾದೆ ಉಳಿಯುತ್ತೆ, ಇವರ ಚರ್ಮ ಉಳಿಯಲ್ಲ. ಯಾವುದು ಬೇಕು ಹೇಳು."

ಅವನು ಮೋಡವನ್ನು ನೋಡಿದ. ಮೋಡ ಅವನನ್ನೇ ನೋಡುತ್ತಿತ್ತು. "ಬೋಳಿಸಿಬಿಡಿ" ಎಂದ.

ಮಷೀನು ಚರ್ಮಕ್ಕಂಟಿ ನಿಧಾನವಾಗಿ ಸರಿಯಿತು. ಕೂದಲು ಉದುರಲಿಲ್ಲ, ಸಿಪ್ಪೆಯಂತೆ ಬಿಚ್ಚಿಕೊಂಡಿತು. ಬೆನ್ನು, ಪಕ್ಕೆ, ಹೊಟ್ಟೆ ಎಲ್ಲ ಸೇರಿ ಒಂದೇ ತುಂಡಾಗಿ, ತೋಳಿನ ತೂತುಗಳ ಸಮೇತ ಒಂದು ಕೋಟಿನ ಹಾಗೆ ಮೇಜಿನ ಮೇಲೆ ಬಿತ್ತು. ಅದರೊಳಗಿಂದ ಹೊರಬಂದದ್ದು ಅಂಗೈಯಗಲದ ಎದೆಯ, ಕಡ್ಡಿ ಕಾಲಿನ, ನಸುಗೆಂಪು ಮೈಯ ಒಂದು ಪುಟ್ಟ ಜೀವ. ಇಷ್ಟು ಚಿಕ್ಕದಾಗಿತ್ತೇ ಇದು ಎಂದು ಅವನಿಗೆ ಅಚ್ಚರಿಯಾಯಿತು. ಇಷ್ಟು ಚಿಕ್ಕದು ಅಷ್ಟೊಂದು ಭಾರ ಹೊತ್ತಿತ್ತೇ ಎಂದು ಆಮೇಲೆ ಹೊಳೆಯಿತು.

ಸಲೂನಿನಾಕೆ ಮುಂಗಾಲೆತ್ತಿ ಕಂಕುಳ ತೋರಿಸಿದಳು. ಕೆಂಪಗೆ ಉಜ್ಜಿಹೋಗಿತ್ತು. "ಒಂದೊಂದು ಹೆಜ್ಜೆಗೂ ಇಲ್ಲಿ ಎಳೀತಾ ಇತ್ತು. ಇತ್ತೀಚೆಗೆ ಮೇಲೆ ಹಾರೋದು, ಜಿಗಿಯೋದು ಬಿಟ್ಟಿರಬೇಕಲ್ಲ?"

ಬಿಟ್ಟಿತ್ತು. ಮಂಚ ಹತ್ತುವುದನ್ನು ಮೋಡ ಬಿಟ್ಟು ಎಷ್ಟೋ ದಿನವಾಗಿತ್ತು. "ನಿನ್ನ ಮೋಡಂಗೆ ನಾನು ಬುದ್ಧಿ ಕಲಿಸಿದೀನಿ, ಈಗ ನೆಲದ ಮೇಲೇ ಮಲಗ್ತಾನೆ" ಎಂದು ಅವನು ಹೆಂಡತಿಗೆ ಹೆಮ್ಮೆಯಿಂದ ಹೇಳಿಯೂ ಇದ್ದ. ಅವನು ಮುಖ ತಿರುಗಿಸಿ ಗೋಡೆಯ ಮೇಲಿನ ಸೋಪಿನ ಜಾಹೀರಾತನ್ನು ಬಹಳ ಹೊತ್ತು ಓದಿದ.

ಗಾಯಕ್ಕೆ ಮುಲಾಮು ಹಚ್ಚಿ, ಬಿಸಿಲಿಗೆ ಬಿಡಬಾರದೆಂದು ಹೇಳಿ, ಆಕೆ ಆ ಕೋಟನ್ನು ಚೀಲಕ್ಕೆ ತುರುಕಿ ಅವನ ಕೈಗಿತ್ತಳು. "ತಗೊಂಡ್ ಹೋಗು. ಗೋಡೆಗೆ ನೇತುಹಾಕ್ಕೊಂಡು ದಿನಾ ನೋಡು."

ಮನೆ ಮೆಟ್ಟಿಲಲ್ಲೇ ಇಬ್ಬರೂ ಕಾಯುತ್ತಿದ್ದರು. ಬೋಳು ಮೋಡವನ್ನು ಕಂಡು ಮಾಸ್ತರ ಬಾಯಿಂದ ಪೀಪಿ ಜಾರಿತು. ಟೇಲರಕ್ಕ ಮಾತ್ರ ಚೀಲದೊಳಗೆ ಇಣುಕಿ, ಕೋಟನ್ನು ಹೊರಗೆಳೆದು, ಬೆಳಕಿಗೆ ಹಿಡಿದು ನೋಡಿದಳು.

"ಒಂದೂ ಹೊಲಿಗೆ ಬಿಟ್ಟಿಲ್ಲ ತಮ್ಮಾ! ಒಳಗಡೆ ಮೆತ್ತನೆ ಬಟ್ಟೆ ಕೊಟ್ಟು, ಹೊಟ್ಟೆ ಕೆಳಗೆ ಲಾಡಿ ಹಾಕಿದ್ರೆ ಇವತ್ತಿನ ಸಂಜೆ ಕಳೆಯುತ್ತೆ."

"ಬೇಡ ಅಕ್ಕಾ, ಪಾಪ ಅದಕ್ಕೆ."

"ದೀಪ ಸಣ್ಣದು ಹಾಕಿ" ಎಂದರು ಮಾಸ್ತರು. "ಪ್ರಯಾಣದ ಸುಸ್ತು. ಆಕೆ ಊಟ ಮಾಡಿ ಮಲಗ್ತಾರೆ. ನಿಜ ನಾಳೆ ಹೇಳಿ."

ಅವನ ಮಟ್ಟಿಗೆ ಅದಕ್ಕಿಂತ ಇಂಪಾದ ಮಾತಿರಲಿಲ್ಲ. ನಿಜ ತಾನೇ, ಎಲ್ಲಿಗೆ ಹೋಗುತ್ತದೆ? ಆಮೇಲೆ ಹೇಳಿದರಾಯಿತು.

ಹೊಲಿಗೆ ಯಂತ್ರ ಮೇಲ್ಮನೆಯಲ್ಲಿ ಗಡಗಡಿಸಿತು. ಸಂಜೆಯ ಹೊತ್ತಿಗೆ ಮೋಡ ತನ್ನದೇ ಕೋಟು ತೊಟ್ಟು ನಡುಮನೆಯಲ್ಲಿ ನಿಂತಿತ್ತು. ತಲೆ ಬೋಳು, ಕಾಲು ಬೋಳು, ನಡುವೆ ಪೊದೆ. ಶಾಪ ಅರ್ಧ ಮಾತ್ರ ಕಳೆದು ಮಿಕ್ಕರ್ಧ ಮೈಮೇಲೇ ಉಳಿದ ರಾಜಕುಮಾರನ ಹಾಗೆ ಕಾಣುತ್ತಿತ್ತು. ತಲೆಗೆ ಅಕ್ಕ ಒಂದು ಟೊಪ್ಪಿಗೆಯನ್ನೂ ಹೊಲಿದಿದ್ದಳು. ಅದಕ್ಕೆ ಕಾರಣ ಶೀತವೆಂದು ಹೇಳುವುದೆಂದು ತೀರ್ಮಾನವಾಯಿತು.

ಕೆಳಗೆ ಗೇಟಿನ ಸದ್ದಾಯಿತು. ಮೋಡದ ಕಿವಿ ನೆಟ್ಟಗಾಯಿತು. ಮೆಟ್ಟಿಲ ಮೇಲಿನ ಆ ಹೆಜ್ಜೆ ಅದಕ್ಕೆ ಗೊತ್ತು. ಬಾಗಿಲು ತೆರೆದದ್ದೇ ತಡ, ಅದು ಹಾರಿತು. ಎಷ್ಟೋ ದಿನದ ಮೇಲೆ ಹಗುರಾದ ಮೈ, ಬಾಣದಂತೆ ಹಾರಿತು. ಲಾಡಿ ಪಟಪಟನೆ ಬಿಚ್ಚಿತು, ಟೊಪ್ಪಿಗೆ ಹಾರಿಬಿತ್ತು. ಕೋಟು ನಡುಮನೆಯಲ್ಲೇ ನಿಂತಿತು, ನಾಯಿ ಹೊಸ್ತಿಲಲ್ಲಿತ್ತು.

ಹೆಂಡತಿ ಪೆಟ್ಟಿಗೆ ಇಳಿಸಿದಳು. ತೋಳಿನಲ್ಲಿ ಒದ್ದಾಡಿ ಮುಖವೆಲ್ಲ ನೆಕ್ಕುತ್ತಿದ್ದ ಬೋಳು ಜೀವವನ್ನು ನೋಡಿದಳು. ನೆಲದ ಮೇಲೆ ನಿಂತಿದ್ದ ಖಾಲಿ ಮೋಡವನ್ನೂ ನೋಡಿದಳು.

"ಏನ್ರೀ ಇದು?"

"ಅದೂ... ಸಲೂನಿನವಳು ಕಣೆ! ಸ್ವಲ್ಪ ಟ್ರಿಮ್ ಮಾಡು ಅಂದ್ರೆ ಪೂರ್ತಿ ಬೋಳಿಸಿಬಿಟ್ಲು. ನಾನು ದಿನಾ ಬಾಚ್ತಾ ಇದ್ದೆ. ನಿನ್ನೆ ಕೂಡ ಬಾಚಿದೀನಿ."

"ಯಾವುದರಲ್ಲಿ?"

"ಅದೇ, ಅವನ ಸ್ಟೀಲ್ ಬಾಚಣಿಗೇಲಿ. ಮರದ ಹಿಡಿ ಇದೆಯಲ್ಲ, ಅದು."

"ನಾನು ಕಣ್ಣಾರೆ ನೋಡಿದೀನಮ್ಮ" ಎಂದರು ಮಾಸ್ತರು ಎದೆ ಸೆಟೆಸಿ. "ಬೆಳಿಗ್ಗೆ ಎದ್ದ ಕೂಡ್ಲೇ ಬಾಚಣಿಗೆ ಕೈಗೆ!"

"ಆ ಸ್ಟೀಲಿನ ಸರ್ ಸರ್ ಸದ್ದು ನಮ್ಮನೇಗೂ ಕೇಳ್ತಿತ್ತು ಕಣಮ್ಮಾ" ಎಂದಳು ಟೇಲರಕ್ಕ.

ಹೆಂಡತಿ ಬಗ್ಗಿ ಪೆಟ್ಟಿಗೆ ತೆರೆದಳು. ಮಡಿಸಿಟ್ಟ ಬಟ್ಟೆಗಳ ತಳಕ್ಕೆ ಕೈ ಹಾಕಿ, ಒಂದು ಟವೆಲನ್ನು ಹೊರತೆಗೆದು ಬಿಚ್ಚಿದಳು. ಅದರೊಳಗೆ ಸ್ಟೀಲಿನ ಬಾಚಣಿಗೆಯಿತ್ತು, ಮರದ ಹಿಡಿಯದ್ದು.

"ಹೋಗೋ ದಿನ ಅವಸರದಲ್ಲಿ ಟವೆಲ್ ಜೊತೆ ನಾನೇ ತುಂಬ್ಕೊಂಡು ಹೋಗಿದ್ದೆ" ಎಂದಳು. "ಇವತ್ತು ಬೆಳಿಗ್ಗೆ ಪೆಟ್ಟಿಗೆ ಕಟ್ಟೋವಾಗ ತಳದಲ್ಲಿ ಸಿಕ್ತು. ಅದನ್ನ ಕೈಯಲ್ಲಿ ಹಿಡ್ಕೊಂಡೇ ನಿಮಗೆ ಫೋನ್ ಮಾಡಿದ್ದು."

ಮಾಸ್ತರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಅಕ್ಕನಿಗೂ ಅದೇ ಹಾಲು ನೆನಪಾಗಿ ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದರು. ಅಕ್ಕನ ಮನೆ ಮೇಲಿದೆ ಎನ್ನುವುದು ಆಗ ಯಾರ ಗಮನಕ್ಕೂ ಬರಲಿಲ್ಲ.

ಅವಳು ಕೂಗಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಕೂಗಾಡಲಿಲ್ಲ. "ಸಿಕ್ಕಲಿಲ್ಲ ಕಣೆ, ಎಲ್ಲಿಟ್ಟಿದೀಯ ಅಂತ ಒಂದು ದಿನ, ಒಂದೇ ಒಂದು ದಿನ ಕೇಳಿದ್ರೂ ಸಾಕಿತ್ತು ರೀ" ಎಂದು ಬಾಚಣಿಗೆಯನ್ನು ಅವನ ಅಂಗೈಯಲ್ಲಿಟ್ಟು ಅಡುಗೆಮನೆಗೆ ಹೋದಳು.

ಅವನು ನೆಲದ ಮೇಲೆ ಕುಳಿತ. ಸ್ಟೀಲು ತಣ್ಣಗಿತ್ತು. ಅದು ಮಿನುಗಿದ್ದನ್ನು ಕಂಡು ಮೋಡ ಓಡಿ ಬಂತು. ತಾನು ಬೋಳಾಗಿರುವುದು ಅದಕ್ಕಿನ್ನೂ ತಿಳಿದಿರಲಿಲ್ಲ. ಹೆಂಡತಿಯ ಮುಂದೆ ದಿನವೂ ಕೂರುತ್ತಿದ್ದ ಹಾಗೆಯೇ ಅವನಿಗೆ ಬೆನ್ನು ಕೊಟ್ಟು, ಕತ್ತು ತುಸು ಬಗ್ಗಿಸಿ, ಬಾಚಿಸಿಕೊಳ್ಳಲು ಕೂತಿತು.

ಅವನು ಬಾಚಣಿಗೆ ಎತ್ತಿದ. ಚರ್ಮಕ್ಕೆ ತಾಗದಂತೆ, ಎರಡು ಬೆರಳಷ್ಟು ಮೇಲೆ, ಗಾಳಿಯಲ್ಲಿ ಮೆಲ್ಲಗೆ ಎಳೆದ. ಮತ್ತೊಮ್ಮೆ ಎಳೆದ. ಮೋಡ ಸುಖದಿಂದ ಕಣ್ಣು ಮುಚ್ಚಿತು.

"ಬಾಚಿದ್ರಾ?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಬಾಚ್ತಾ ಇದೀನಿ ಕಣೆ" ಎಂದ ಅವನು.

ಎರಡು ತಿಂಗಳಲ್ಲಿ ಅದೊಂದೇ ಅವನು ಹೇಳಿದ ನಿಜ. ಅವಳು ನಂಬಲಿಲ್ಲ.