ಮಾವನ ಅಯಸ್ಕಾಂತ

ಹುಟ್ಟಿದ್ದೆಲ್ಲ ಒಂದು ದಿನ ಮಣ್ಣು ಸೇರಲೇಬೇಕು; ಇದರಲ್ಲಿ ದೊಡ್ಡವರಿಗೆ ರಿಯಾಯಿತಿಯಿಲ್ಲ, ಸಣ್ಣವರಿಗೆ ಕರುಣೆಯಿಲ್ಲ. ಪ್ಲಾಸ್ಟಿಕ್ ಬಂಪರಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಎಷ್ಟು ಕಾಲ ಹೂತಿಟ್ಟರೂ ಅದು ಮಣ್ಣಾಗುವುದಿಲ್ಲ. ಈ ತತ್ತ್ವದ ಎರಡೂ ಭಾಗಗಳನ್ನು ನನಗೆ ಬೋಧಿಸಿದವರು ನನ್ನ ಸೋದರಮಾವ, ಹೊಸದುರ್ಗದ ಕೊಬ್ಬರಿ ವ್ಯಾಪಾರಿ. ಮೊದಲ ಭಾಗವನ್ನು ಈಗ ಅವರು ಸ್ವತಃ ಆಚರಿಸಿಯೂ ತೋರಿಸಿದ್ದಾರೆ.

ನಮ್ಮೂರಿನಲ್ಲಿ ಹೊಸ ಕಾರು ಕೊಂಡವರು ಕೆಟ್ಟ ದೃಷ್ಟಿಗೆ ಹೆದರುತ್ತಿರಲಿಲ್ಲ. ಅದಕ್ಕೆ ಬೂದುಗುಂಬಳವಿದೆ, ಮೆಣಸಿನಕಾಯಿಯಿದೆ. ಹೆದರುತ್ತಿದ್ದುದು ನಮ್ಮ ಮಾವನಿಗೆ. ಮಾವನನ್ನು ತಡೆಯುವ ಕುಂಬಳಕಾಯಿ ಇನ್ನೂ ಬೆಳೆದಿರಲಿಲ್ಲ!

ಅವರ ಅಂಗಿಯ ಎಡಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು. ಚಕ್ಕುಲಿಯಷ್ಟು ಅಗಲ, ಜೇಬು ಜೋತುಬೀಳುವಷ್ಟು ಭಾರ. ಎಲ್ಲೇ ಕಾರಿನ ಪೂಜೆಯಾಗಲಿ, ಕರೆಯಲಿ ಬಿಡಲಿ, ಮಾವ ಹಾಜರು. ಅರ್ಚಕರು ಮಂಗಳಾರತಿ ಎತ್ತಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಪಕ್ಕಕ್ಕೆ ಸರಿಯುವುದೇ ತಡ, ಇವರು ಮುಂದೆ ಬಂದು ಅಯಸ್ಕಾಂತವನ್ನು ಬಂಪರಿಗೆ ಹಚ್ಚಿ ಕೈಬಿಡುವರು. ಅದು ಟಪ್ಪೆಂದು ನೆಲಕ್ಕೆ!

“ಏನಪ್ಪ, ಎಷ್ಟು ಕೊಟ್ಟೆ ಈ ಬಕೆಟ್ಟಿಗೆ?”

“ಈಗ ಎಲ್ಲಾ ಕಾರಿಂದೂ ಪ್ಲಾಸ್ಟಿಕ್ಕೇ ಕಣ್ ಮಾಮ. ಗುದ್ದಿದ್ರೆ ಏಟು ಅದೇ ತಗಳ್ಳಿ ಅಂತ ಮಾಡಿರ್ತಾರೆ.”

“ಹಂಗಾರೆ ಮೊದ್ಲು ಆ ನಿಂಬೆಹಣ್ಣು ತೆಗೀರಿ. ಅದ್ರ ಮೇಲೆ ಹತ್ತಿ ಬಕೆಟ್ಟಿಗೆ ಏನಾರ ಆದೀತು.”

ನೆರೆದವರೆಲ್ಲ ನಗುತ್ತಿದ್ದರು, ಕಾರಿನ ಯಜಮಾನನೊಬ್ಬನ ಹೊರತು. ಮೇಷ್ಟರೊಬ್ಬರು ಈ ಅವಮಾನಕ್ಕೆ ಅಂಜಿ ತಮ್ಮ ಕಾರಿನ ಪೂಜೆಯನ್ನು ಗುಟ್ಟಾಗಿ ಹಿರಿಯೂರಿನಲ್ಲಿ ಇಟ್ಟುಕೊಂಡರು. ಮಾವ ಬೆಳಗಿನ ಬಸ್ಸಿಗೇ ಅಲ್ಲಿಗೆ ಹೋಗಿ ಕಾಯುತ್ತ ಕೂತಿದ್ದರು.

ಮಾವನ ಲೆಕ್ಕದಲ್ಲಿ ಈ ಪ್ರಪಂಚದಲ್ಲಿ ಗಾಡಿ ಎನ್ನುವುದು ಇದ್ದದ್ದು ಒಂದೇ, ಅವರದು. ಗುಂಡು ಮೂತಿಯ ಹಳೇ ಬಿಳಿ ಕಾರು. ಉಳಿದವೆಲ್ಲ ಡಬ್ಬಿ. ಆ ಗಾಡಿಯ ಬಾನೆಟ್ಟಿಗೆ ಅಯಸ್ಕಾಂತ ಅಂಟಿಕೊಂಡರೆ ಕೀಳಲು ಇಬ್ಬರು ಬೇಕು. ಗಾಡಿ ಹೊರಡಿಸಲಿಕ್ಕೂ ಇಬ್ಬರೇ ಬೇಕು: ಸ್ಟೇರಿಂಗ್ ಹಿಡಿಯಲು ಮಾವ, ಹಿಂದಿನಿಂದ ತಳ್ಳಲು ಅತ್ತೆ. ದಿನಾ ಬೆಳಿಗ್ಗೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಗೆ ಬಲಭುಜ ಕೊಟ್ಟು, ಬೀದಿಯ ಇಳಿಜಾರಿನವರೆಗೆ ತಳ್ಳುವರು. ಅಲ್ಲಿ ಮಾವ ಕ್ಲಚ್ ಬಿಟ್ಟೊಡನೆ ಗಾಡಿ ಕೆಮ್ಮಿ, ಉಗುಳಿ, ಹೊರಟುಬಿಡುವುದು. ಹೊಗೆ ಅತ್ತೆಯ ಪಾಲಿಗೆ.

“ಒಂದು ಹೊಸಾ ಬ್ಯಾಟ್ರಿ ಹಾಕ್ಸಬಾರ್ದಾ ಮಾವ?” ಎಂದು ಒಮ್ಮೆ ಕೇಳಿದೆ.

“ಲೇ, ಬ್ಯಾಟ್ರಿ ಯಾವಾಗ ಕೈ ಕೊಡ್ತದೋ ಯಾರಿಗ್ಗೊತ್ತು. ನಿಮ್ಮತ್ತೆ ಕೈ ಕೊಡೋಳಲ್ಲ.”

ಇದು ಹೊಗಳಿಕೆ ಎಂದೇ ಮಾವ ತಿಳಿದಿದ್ದರು. ಅತ್ತೆ ಏನೆಂದು ತಿಳಿದಿದ್ದರೋ, ಯಾರೂ ಕೇಳಲಿಲ್ಲ.

ನಾನು ಕಾರು ಕೊಳ್ಳಲು ದುರ್ಗದ ಶೋರೂಮಿಗೆ ಹೊರಟಾಗ, ಹಿರಿಯರಲ್ಲವೇ ಎಂದು ಇಬ್ಬರನ್ನೂ ಕರೆದುಕೊಂಡು ಹೋದೆ. ಬುದ್ಧಿಯಿದ್ದವನು ಯಾರಾದರೂ ಹಾಗೆ ಮಾಡುತ್ತಾನೆಯೇ? ಟೈ ಕಟ್ಟಿದ ಮಾರಾಟಗಾರ ನಗುಮುಖದಿಂದ ಬಾನೆಟ್ ಎತ್ತಿದ. ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ಮುಚ್ಚಳ.

“ಎಂಜಿನ್ ಎಲ್ಲೈತಪ್ಪ?”

“ಇದರ ಕೆಳಗಿದೆ ಸರ್.”

“ಯಾಕೆ, ತೋರ್ಸಾಕೆ ನಾಚ್ಕೆನಾ? ಹೋಗ್ಲಿ, ಸ್ಟೆಪ್ನಿ ಎಲ್ಲಿ?”

“ಈ ಮಾಡೆಲ್‌ಗೆ ಸ್ಟೆಪ್ನಿ ಬರಲ್ಲ ಸರ್. ಪಂಕ್ಚರ್ ಕಿಟ್ ಕೊಡ್ತೀವಿ. ಕೀ ಕೂಡ ತಿರುಗಿಸೋ ಹಾಗಿಲ್ಲ, ಬಟನ್ ಒತ್ತಿದ್ರೆ ಸಾಕು.”

“ಒತ್ತಿದ್ರೂ ಏಳ್ಲಿಲ್ಲ ಅಂದ್ರೆ? ತಳ್ಳಿದ್ರೆ ಸ್ಟಾರ್ಟ್ ಆಗ್ತದಾ?”

“ಇದು ಆಟೋಮ್ಯಾಟಿಕ್ ಸರ್, ತಳ್ಳಿದ್ರೆ ಆಗಲ್ಲ. ಆ್ಯಪಿನಲ್ಲಿ ತಿಳಿಸಿದ್ರೆ ನಮ್ಮ ಹುಡುಗ್ರೇ ಬರ್ತಾರೆ.”

ಮಾವ ಮೂಲೆಯ ಸೋಫಾದ ಕಡೆ ಕೈ ತೋರಿಸಿದರು. ಅಲ್ಲಿ ಅತ್ತೆ ಶೋರೂಮಿನ ಕಾಫಿ ಕುಡಿಯುತ್ತಿದ್ದರು. “ನಮ್ಮ ಆ್ಯಪು ಅಲ್ಲಿ ಕುಂತೈತೆ ನೋಡು. ಕರೆಯಾದೂ ಬ್ಯಾಡ, ಜೊತೆಗೇ ಬರ್ತದೆ.”

ಆದರೂ ಕಾರು ಕೊಂಡೆ. ಮೊದಲ ಸಲ ಮತ್ತೋಡಿನಿಂದ ತೆಂಗಿನಕಾಯಿ ತರುವಾಗ ಮುಂದಿನ ಸೀಟಿನಲ್ಲಿ ಒಂದು ಮೂಟೆ ಇಟ್ಟೆವು. ಅದಕ್ಕೆ ಬೆಲ್ಟ್ ಹಾಕಿಲ್ಲವೆಂದು ಕಾರು ಕುಂಯ್ ಕುಂಯ್ ಎಂದು ಗೋಳಾಡತೊಡಗಿತು. ಕೊನೆಗೆ ಮೂಟೆಗೂ ಬೆಲ್ಟ್ ಬಿಗಿಯಬೇಕಾಯಿತು. ಹಿಂದಿನ ಸೀಟಿನಿಂದ ಮಾವ ಶ್ರದ್ಧಾಂಜಲಿ ಸಭೆಯ ಧ್ವನಿಯಲ್ಲಿ ಹೇಳಿದರು: “ಗಾಡಿ ಮಾಡೋರೆಲ್ಲ ಸತ್ತೋದ್ರು ಕಣಲೇ. ಈಗಿರೋರು ಮೊಬೈಲಿಗೆ ಗಾಲಿ ಹಾಕ್ತಾರೆ. ಡಬ್ಬಿಯೊಳಗೊಂದು ಸಣ್ಣ ಕಂಪ್ಯೂಟರ್ ಡಬ್ಬಿ ಇರ್ತದೆ. ಬಾಡಿ ಗಟ್ಟಿಯಾಗೇ ಇರ್ತದೆ, ಆ ಸಣ್ಣ ಡಬ್ಬಿ ಹೋಗ್ತದೆ. ಅದೊಂದು ಸಿಗಲ್ಲ ಅಂತ ಇಡೀ ದೊಡ್ಡ ಡಬ್ಬಿ ಗುಜರಿಗೆ. ನೋಡ್ತಿರು.”

ನೋಡುವ ಕಾಲ ಬೇಗನೆ ಬಂತು.

ಹೊಳಲ್ಕೆರೆಯಲ್ಲಿ ನಮ್ಮ ನೆಂಟರೊಬ್ಬರ ಹೊಸ ಕಾರಿನ ಪೂಜೆ. ಮಾವ ಎಂದಿನಂತೆ ಮುಂದೆ ಬಂದು ಅಯಸ್ಕಾಂತ ಹಚ್ಚಿದರು. ಅದು ಬಿತ್ತು. ಅದರ ಹಿಂದೆಯೇ ಮಾವನೂ ಬಿದ್ದರು. ಒಂದು ಕ್ಷಣ ಎಲ್ಲರೂ ನಕ್ಕರು. ಇದೂ ಅವರ ಟೀಕೆಯ ಒಂದು ಹೊಸ ವಿಧಾನವೆಂದು ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಪೂಜೆ ಅರ್ಧಕ್ಕೇ ನಿಂತಿತು. ಆಗತಾನೇ ಬಕೆಟ್ಟೆನಿಸಿಕೊಂಡ ಆ ಕಾರಿನ ಹಿಂದಿನ ಸೀಟಿನಲ್ಲಿ ಮಾವನನ್ನು ಮಲಗಿಸಿ, ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿಕೊಂಡು ದುರ್ಗದತ್ತ ಹೊರಟೆವು. ಗಾಬರಿಯಲ್ಲಿ ಯಾರೂ ಬೆಲ್ಟ್ ಹಾಕಿರಲಿಲ್ಲ. ದಾರಿಯುದ್ದಕ್ಕೂ ಕುಂಯ್ ಕುಂಯ್. ಅರ್ಧ ದಾರಿಯಲ್ಲಿ ಮಾವ ಕಣ್ಣು ಬಿಟ್ಟು ಆಡಿದ ಮೊದಲ ಮಾತು: “ಅದ್ಕೆ ಬಾಯಿ ಮುಚ್ಚಾಕ್ ಹೇಳ್ರಿ.”

ದುರ್ಗದ ಡಾಕ್ಟರು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ನೋಡಿ, “ಯಜಮಾನ್ರೇ, ನಿಮ್ಮ ಎದೆಬಡಿತ ತುಂಬಾ ನಿಧಾನವಾಗಿದೆ, ಆಗಾಗ ನಿಂತೂ ಹೋಗ್ತಿದೆ. ಪೇಸ್‌ಮೇಕರ್ ಹಾಕಬೇಕು. ಸಣ್ಣದು, ಎಡಭುಜದ ಕೆಳಗೆ ಚರ್ಮದೊಳಗೆ ಕೂರಿಸ್ತೀವಿ” ಎಂದರು.

“ಅದ್ರೊಳಗೆ ಏನಿರ್ತದೆ ಮೇಡಮ್ಮೋರೆ?”

“ಒಂದು ಬ್ಯಾಟರಿ, ಒಂದು ಸರ್ಕ್ಯೂಟು.”

ಮಾವ ನನ್ನ ಕಡೆ ತಿರುಗಿದರು. “ಡಬ್ಬಿ.”

“ಕೆಟ್ರೆ ಬಿಚ್ಚಿ ರಿಪೇರಿ ಮಾಡ್ತೀರಾ?” ಎಂದು ಮತ್ತೆ ಡಾಕ್ಟರಮ್ಮನನ್ನು ಕೇಳಿದರು.

“ಇಲ್ಲ, ಬದಲಾಯಿಸ್ತೀವಿ.”

“ಅಯಸ್ಕಾಂತ ಹಿಡೀತದಾ?”

“ಅಯ್ಯೋ! ಅಯಸ್ಕಾಂತವನ್ನ ಅದರ ಹತ್ತಿರಕ್ಕೂ ತರಬಾರದು.”

ಅಲ್ಲಿಗೆ ವಿಚಾರಣೆ ಮುಗಿಯಿತು. “ಬ್ಯಾಡ. ಮನೆಗೆ ಹೋಗಾಣ ನಡೀರಿ.” ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಹಾಕಿಸದಿದ್ದರೆ ಈ ಎದೆ ಇವತ್ತು ನಿಂತರೂ ನಿಂತೀತು, ಮುಂದಿನ ತಿಂಗಳಾದರೂ ನಿಂತೀತು, ನಿಲ್ಲುವುದಂತೂ ಖಂಡಿತ ಎಂದರು. ನಾನು ಬೇಡಿಕೊಂಡೆ, ನೆಂಟರು ಗದರಿದರು. ಮಾರನೆಯ ದಿನವೂ ಅದೇ ಉತ್ತರ: ನಂಬಿಕೆಯಿಲ್ಲದ ಕಂಪನಿಯ ಮಾಲನ್ನು ಮೈಯೊಳಗೆ ಸೇರಿಸುವುದಿಲ್ಲ.

ಅಲ್ಲಿಯವರೆಗೆ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಎದ್ದು ಮಂಚದ ಹತ್ತಿರ ಬಂದರು.

“ಏನ್ರೀ, ಮದ್ವೆ ಆದಾಗಿಂದ ನಿಮ್ಮ ಗಾಡಿ ತಳ್ಳೀನಿ. ಹೊಗೆ ಕುಡ್ದೀನಿ. ಒಂದಿನ ಆಗಲ್ಲ ಅಂದೀನಾ?”

“ಇಲ್ಲ.”

“ನಾಳೆ ನೀವೇ ನಿಂತೋದ್ರೆ ನಾನು ಎಲ್ಲಿಗೆ ಭುಜ ಕೊಡ್ಲಿ? ತಳ್ಳಿದ್ರೆ ಸ್ಟಾರ್ಟ್ ಆಗ್ತೀರಾ ನೀವು?”

ಮಾವ ಒಮ್ಮೆ ಫ್ಯಾನು ನೋಡಿದರು. ಅನಂತರ ಅತ್ತೆಯ ಬಲಭುಜ ನೋಡಿದರು. “ಲೇ ಅಳಿಯ, ಎಲ್ಲಿ ಸೈನ್ ಮಾಡ್ಬೇಕು ಕೇಳು.”

ಡಬ್ಬಿ ಒಳಗೆ ಹೋಯಿತು, ಅಯಸ್ಕಾಂತ ಹೊರಗೆ ಬಂತು. ಮಾವ ಅದನ್ನು ಅಧಿಕಾರ ಹಸ್ತಾಂತರದ ಗಾಂಭೀರ್ಯದಲ್ಲಿ ಅತ್ತೆಗೆ ಒಪ್ಪಿಸಿದರು. ಇಷ್ಟಕ್ಕೆ ಕಾರು ಕೊಂಡವರು ನೆಮ್ಮದಿಯಾಗಿದ್ದರು ಎಂದುಕೊಂಡಿರಾ? ಮುಂದಿನ ಪೂಜೆಗೆ ದಂಪತಿಗಳಿಬ್ಬರೂ ಬಂದರು. ಮಾವ ರಸ್ತೆಯ ಆಚೆ ಬದಿ, ಅತ್ತೆ ಈಚೆ ಬದಿ.

“ಹಚ್ಚು. ಹಿಡೀತಾ?”

“ಇಲ್ಲ ಕಣ್ರೀ, ಬಿತ್ತು.”

“ನಾನ್ ಹೇಳ್ಲಿಲ್ವಾ!”

ಅತ್ತೆಯ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗಾಡಿ ಓಡಿಸುವುದು ಬೇಡವೆಂದು ಡಾಕ್ಟರಮ್ಮ ಮಾವನಿಗೆ ಹೇಳಿದ್ದರಿಂದ ಅತ್ತೆಗೆ ತಳ್ಳುವ ಕೆಲಸವೂ ಇರಲಿಲ್ಲ. ಹೀಗೆ ಒಂದಷ್ಟು ಕಾಲ ನಡೆಯಿತು.

ಆಮೇಲೆ ಮಾವನಿಗೆ ಪುಪ್ಪುಸದಲ್ಲಿ ಕೆಟ್ಟ ಕಾಯಿಲೆ ಕಾಣಿಸಿಕೊಂಡಿತು. ಈ ಸಲ ಹಾಕಲು ಡಬ್ಬಿಯೂ ಇರಲಿಲ್ಲ, ಬದಲಾಯಿಸಲು ಬಿಡಿಭಾಗವೂ ಇರಲಿಲ್ಲ. ಕೊನೆಯ ವಾರ ಪರೀಕ್ಷಿಸಿದ ಡಾಕ್ಟರಮ್ಮ, ಪೇಸ್‌ಮೇಕರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಬ್ಯಾಟರಿ ಇನ್ನೂ ಎಷ್ಟೋ ವರ್ಷ ಬರುತ್ತದೆ ಎಂದರು. ಮಾವನಿಗೆ ಕೇಳಿಸಿತು. “ಬಾಡಿನೇ ಹೋಯ್ತಲ್ಲ ಮೇಡಮ್ಮೋರೆ” ಎಂದರು. ವಾಹನೋದ್ಯಮದ ಬಗ್ಗೆ ಅವರು ತಮ್ಮ ಅಭಿಪ್ರಾಯ ಬದಲಿಸಿಕೊಂಡದ್ದು ಅದೊಂದೇ ಸಲ.

ಮಣ್ಣಿಗೆ ಒಯ್ಯುವ ಮೊದಲು ಹಣೆಗೆ ವಿಭೂತಿ ಹಚ್ಚಿ, ಒಗೆದ ಬಿಳಿ ಅಂಗಿ ತೊಡಿಸಿ ಕೂರಿಸಿದ್ದರು. ಅತ್ತೆ ಒಳಗಿನಿಂದ ಅಯಸ್ಕಾಂತ ತಂದರು. ಹತ್ತಿರ ಬಂದು ಹೆಜ್ಜೆ ತಡೆದು ನನ್ನನ್ನು ಕೇಳಿದರು:

“ಈಗ ಇದನ್ನ ಹತ್ರ ತಂದ್ರೆ ಏನಾರ ಆಗ್ತದೇನೋ?”

“ಏನೂ ಆಗಲ್ಲ ಅತ್ತೆ.”

“ಮೇಡಮ್ಮೋರು ಬಯ್ಯಲ್ವಾ?”

“ಇಲ್ಲ ಅತ್ತೆ.”

ಅದನ್ನು ಮಾವನ ಎಡಜೇಬಿನಲ್ಲಿ ಇಟ್ಟರು. ಜೇಬು ಎಂದಿನಂತೆ ಜೋತುಬಿತ್ತು. ಅತ್ತೆ ಅದನ್ನು ಅಂಗೈಯಿಂದ ಸರಿಮಾಡಿ, ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡು ನಿಂತರು.

ಡಬ್ಬಿ ಕೊನೆಯವರೆಗೂ ಕೆಡಲಿಲ್ಲ. ಗಾಡಿ ಶೆಡ್ಡಿನಲ್ಲಿದೆ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ.