ಇಳಿಜಾರು ತಪ್ಪಿಸಿ ಎಂದ ಕಾಗದ

ಅತಿ ವಿನಯದ ಕಾಗದ ಬಂತೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಬೈದು ಬರೆಯುವವರಿಂದ ಅಷ್ಟೇನೂ ಅಪಾಯವಿಲ್ಲ. 'ತಮ್ಮ ಕ್ಷೇಮವೇ ನಮ್ಮ ಧ್ಯೇಯ' ಎಂದು ಶುರು ಮಾಡುವವರು ಏನೋ ಎಡವಟ್ಟು ಮಾಡಿಕೊಂಡಿರುತ್ತಾರೆ. ನನ್ನ ಹಳೇ ಪಿಕಪ್ಪಿನ ಕಂಪನಿಯವರು ಬರೆದದ್ದೂ ಹಾಗೆಯೇ. ಆ ಮಾಡೆಲ್ಲಿನ ಗಾಡಿಗಳಲ್ಲಿ ಬ್ರೇಕಿನ ಪೈಪು ಒಡೆಯುವ ಸಂಭವವಿದೆಯಂತೆ, ಉಚಿತವಾಗಿ ಬದಲಿಸಿಕೊಡುತ್ತಾರಂತೆ, ಅಲ್ಲಿಯವರೆಗೆ ಇಳಿಜಾರಿನ ರಸ್ತೆಗಳನ್ನು ಆದಷ್ಟು ತಪ್ಪಿಸಬೇಕಂತೆ. ನಾನಿರುವುದು ಘಟ್ಟದ ಮೇಲೆ, ಸಂಸೆಯ ಹತ್ತಿರ. ಇಲ್ಲಿ ಇಳಿಜಾರು ತಪ್ಪಿಸಬೇಕೆಂದರೆ ಗಾಡಿಯನ್ನು ಶೆಡ್ಡಿನಲ್ಲಿಟ್ಟು ಪೂಜೆ ಮಾಡಬೇಕು. ನಮ್ಮ ಶೆಡ್ಡೂ ಇಳಿಜಾರಿನಲ್ಲೇ ಇದೆ.

ಕೆಟ್ಟ ಬ್ರೇಕನ್ನು ಸರಿ ಮಾಡಿಸಲು ಅದೇ ಬ್ರೇಕನ್ನು ನಂಬಿಕೊಂಡು, ತಿರುವಿಗೊಬ್ಬ ದೇವರನ್ನು ನೆನೆಯುತ್ತಾ ಚಿಕ್ಕಮಗಳೂರಿನ ಶೋರೂಮಿಗೆ ಹೋದೆ. ಅಲ್ಲಿಯ ಸೂಪರ್‌ವೈಸರ್ ಬಹಳ ಮರ್ಯಾದಸ್ಥ. ಕಾಫಿ ಬೆಳೆಯುವವನ ಕೈಗೆ ಮೆಷಿನ್ ಕಾಫಿ ಕೊಟ್ಟು ಕೂರಿಸಿದ.

"ಪಾರ್ಟ್ ಬಂದಿಲ್ಲ ಸಾರ್. ಬಂದ ಕೂಡ್ಲೇ ಫೋನ್ ಮಾಡ್ತೀವಿ."

"ಅಲ್ಲೀ ತನಕ ಏನ್ ಮಾಡ್ಲಿ ಮಾರಾಯ?"

"ನಿಧಾನಕ್ಕೆ ಓಡ್ಸಿ ಸಾರ್."

ಮಳೆಗಾಲ ಮುಗಿದು ಕಾಫಿ ಹಣ್ಣಿನ ಕೊಯ್ಲು ಬಂದರೂ ಪೈಪು ಬರಲಿಲ್ಲ. ಒಮ್ಮೆ ಬೇರೆ ಮಾಡೆಲ್ಲಿನದು ಬಂದಿದೆ ಎಂದ, ಇನ್ನೊಮ್ಮೆ ಎಡಗಡೆಯದು ಮಾತ್ರ ಬಂದಿದೆ ಎಂದ. ಜನರ ಪ್ರಾಣದ ಜೊತೆ ಆಟವಾಡುತ್ತಾರೆಂದು ನಾನು ಕಳಸ ಪೇಟೆಯ ಅಂಗಡಿಗಳಲ್ಲಿ ಕೂತು ಕಂಪನಿಯ ಜನ್ಮ ಜಾಲಾಡಿದೆ. ಹಾಗೆಂದು ಕೈಕಟ್ಟಿ ಕೂತವನಲ್ಲ, ನನ್ನ ಎಚ್ಚರಿಕೆ ನನಗಿತ್ತು. ಹೆಂಡತಿಯನ್ನು ಪಿಕಪ್ಪಿಗೆ ಹತ್ತಿಸುವುದನ್ನು ನಿಲ್ಲಿಸಿ ಬಸ್ಸಿನಲ್ಲಿ ಕಳಿಸತೊಡಗಿದೆ. ನನ್ನ ಕಡೆಯ ಬಾಗಿಲನ್ನು ಪೂರ್ತಿ ಮುಚ್ಚದೆ ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿಸುತ್ತಿದ್ದೆ, ಹಾರಲು ಅನುಕೂಲವಾಗಲಿ ಎಂದು. ಹಿಂದುಗಡೆ ಹಣ್ಣು ಕೊಯ್ಯುವ ಹದಿನಾಲ್ಕು ಹೆಂಗಸರು ನಿಂತಿರುತ್ತಿದ್ದರು. ದಿನಾ ಬೆಳಿಗ್ಗೆ ಅವರನ್ನು ತೋಟಕ್ಕೆ ಹತ್ತಿಸಿ ಸಂಜೆ ಇಳಿಸುವುದು ನನ್ನ ಕೆಲಸ. ವಿಷಯ ಹೇಳಿದರೆ ಯಾರೂ ಹತ್ತುವುದಿಲ್ಲ, ಹಣ್ಣೆಲ್ಲ ನೆಲಕ್ಕೆ ಉದುರುತ್ತದೆ. ಹಾಗಾಗಿ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಹೋದರೆ, ಅವರಲ್ಲೆಲ್ಲ ಹಿರಿಯಳಾದ ಗಿರಿಜಮ್ಮ ರಸ್ತೆ ಬದಿಯಲ್ಲಿ ನಿಂತವಳು ಗಾಡಿಯ ಹತ್ತಿರವೇ ಬರಲಿಲ್ಲ. ಉಳಿದವರು ಅವಳ ಬೆನ್ನ ಹಿಂದೆ.

"ಹತ್ಕೊಳ್ರೇ, ಹೊತ್ತಾಯ್ತು," ಎಂದೆ.

"ನಾವು ನಡ್ಕೊಂಡೇ ಬರ್ತೀವಿ ಗೌಡ್ರೆ. ನಿನ್ನೆ ಬಸ್ಸಲ್ಲಿ ಅಮ್ಮಾವ್ರು ಸಿಕ್ಕಿದ್ರು. ಮನೇಲಿ ಗಾಡಿ ಇಟ್ಕೊಂಡು ಬಸ್ಸು ಯಾಕಮ್ಮ ಅಂದೆ. ಎಲ್ಲ ಹೇಳಿದ್ರು."

ನನಗೆ ತಕ್ಷಣ ನೆನಪಾದದ್ದು ಕಂಪನಿಯೇ. "ಎಲ್ಲ ಆ ಕಂಪನಿಯೋರ ತಪ್ಪು ಗಿರಿಜಮ್ಮ. ಎಂಥಾ ಜನ ಅಂತೀ ಅವ್ರು!"

"ಅವ್ರು ನಿಮ್ಗೆ ಕಾಗ್ದನಾದ್ರೂ ಬರ್ದ್ರು," ಎಂದಳು, ದನಿ ಏರಿಸದೆ. "ನೀವು ನಮ್ಗೆ ದಿನಾ ಸಿಗ್ತಿದ್ರಿ."

ಅಷ್ಟು ಹೇಳಿ ಏರು ಹತ್ತತೊಡಗಿದಳು. ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯಾದಾಗ ಯಾರನ್ನಾದರೂ ಬೈಯುವುದು ನನ್ನ ಹಳೇ ರೂಢಿ. ಮನೆಗೆ ಬಂದವನೇ ಶೋರೂಮಿಗೆ ಫೋನು ಮಾಡಿದೆ.

"ಪಾರ್ಟ್ ಇನ್ನೂ ಬಂದಿಲ್ಲ ಸಾರ್," ಎಂದ ಅದೇ ಸೂಪರ್‌ವೈಸರ್.

ಪಾಪ, ಆ ಮನುಷ್ಯ ಕೇಳಿದಾಗಲೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. "ಆಯ್ತಪ್ಪ," ಎಂದು ಫೋನಿಟ್ಟೆ.